ಲೆಕ್ಕವಿಲ್ಲದ ಹಗೆ

“ಸಾರ್, ಗುರುವಾರ ನಾನು ತರಗತಿಗೆ ಬರುವುದಕ್ಕಾಗುವುದಿಲ್ಲ.”

ರಜ ಕೇಳಲು ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಾರಣವನ್ನು ಮೊದಲು ಹೇಳಿ ರಜವನ್ನು ಆಮೇಲೆ ಕೇಳುತ್ತಾರೆ. ಅಕ್ಕನ ಮದುವೆ, ಊರ ಹಬ್ಬ, ಎರಡನೆಯ ಬಾರಿ ತೀರಿಕೊಂಡ ಅಜ್ಜಿ, ಹೀಗೆ. ಈ ಹುಡುಗಿ ಕಾರಣವನ್ನು ಹೇಳಲೇ ಇಲ್ಲ. ನಾನೇ ಕೇಳಿದ ಮೇಲೆ ಕೈಯಲ್ಲಿದ್ದ ಪುಸ್ತಕದ ಮೂಲೆಯನ್ನು ಮಡಿಸುತ್ತ, “ಕೋರ್ಟಿನಿಂದ ಸಮನ್ಸು ಬಂದಿದೆ ಸಾರ್. ಸಾಕ್ಷಿ ಹೇಳಬೇಕು” ಎಂದಳು. ಸ್ವಲ್ಪ ತಡೆದು, “ಹೇಳಬೇಕೋ ಬೇಡವೋ ಗೊತ್ತಾಗುತ್ತಿಲ್ಲ” ಎಂದೂ ಸೇರಿಸಿದಳು.

ಆಕೆಯ ತಂದೆ ಗಾರೆ ಕೆಲಸದ ಮೇಸ್ತ್ರಿ. ವಾಸ ಮಹದೇವಪುರದ ಒಳಗಡೆಯ ಒಂದು ಹಳೆಯ ಊರಿನ ಕೊನೆಯ ಬೀದಿಯಲ್ಲಿ. ಊರಿನ ಹೆಸರನ್ನಾಗಲಿ ಆ ಕುಟುಂಬದ ಹೆಸರನ್ನಾಗಲಿ ಇಲ್ಲಿ ಹೇಳುವುದು ಉಚಿತವಲ್ಲ. ಮೂರು ವರ್ಷಗಳ ಹಿಂದೆ, ಕಟ್ಟುತ್ತಿದ್ದ ಮನೆಯೊಂದರ ಗೇಟಿನ ಮುಂದೆ, ತನಗೆ ಬರಬೇಕಾದ ಹದಿನೆಂಟು ದಿನಗಳ ಕೂಲಿಯನ್ನು ಆತ ಕೇಳಿದರು. ಅದಕ್ಕೆ ದೊರೆತ ಉತ್ತರ ಜಾತಿಯ ಹೆಸರು ಹಿಡಿದ ಬೈಗಳು; ಬೈಗಳ ಹಿಂದೆಯೇ ಒಂದು ಸೆಂಟ್ರಿಂಗ್ ಹಲಗೆಯ ಏಟು. ಬಲಗೈ ಮುರಿಯಿತು. ತಂದೆಗೆ ಊಟದ ಡಬ್ಬಿಯನ್ನು ತಂದಿದ್ದ ಮಗಳು ಬೀದಿಯ ಆ ಬದಿಯಲ್ಲಿ ನಿಂತು ಎಲ್ಲವನ್ನೂ ಕಂಡಳು, ಎಲ್ಲವನ್ನೂ ಕೇಳಿದಳು.

ಇದಾದ ಮೇಲೆ ಏನಾಯಿತೆಂಬುದನ್ನು ವಾಚಕರು ಊಹಿಸಬಲ್ಲರು. ಸಮನ್ಸು ಬಂದ ಸಂಜೆಯೇ ಊರ ಹಿರಿಯರೊಬ್ಬರು ಮನೆಗೆ ಬಂದು, ಆದದ್ದು ಆಗಿಹೋಯಿತು, ಕೈಯೂ ಕೂಡಿಕೊಂಡಿತು, ಹೆಣ್ಣುಮಗಳು ಕೋರ್ಟಿನ ಮೆಟ್ಟಿಲು ಹತ್ತುವುದು ಯಾವ ಚೆಂದ ಎಂದು ಬಹಳ ಮೃದುವಾಗಿಯೇ ಹೇಳಿಹೋಗಿದ್ದರು. ಅಣ್ಣ ಕೆಲಸಕ್ಕಿರುವ ಗೋದಾಮು ಯಾರ ನೆಂಟರದೆಂಬುದನ್ನೂ ಮಾತಿನ ನಡುವೆ ನೆನಪಿಸಿದ್ದರು. ಬೆದರಿಕೆಯೆಂದು ಪೊಲೀಸರಿಗೆ ಬರೆದುಕೊಡಬಹುದಾದ ಒಂದು ಶಬ್ದವೂ ಅದರಲ್ಲಿರಲಿಲ್ಲ.

ನಾನು ಕಾನೂನು ಓದಿದವನಲ್ಲ. ಹಳಗನ್ನಡದ ಪದ್ಯವೊಂದನ್ನು ಬಿಡಿಸಿ ಅರ್ಥ ಹೇಳೆಂದರೆ ಹೇಳಬಲ್ಲೆ. ಸಮನ್ಸಿನ ಅರ್ಥವನ್ನು ಹೇಳಲಾರೆ. ಆದರೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡದೆ ಕಳುಹಿಸುವುದು ಅಧ್ಯಾಪಕನಿಗೆ ಶೋಭಿಸುವ ಮಾತಲ್ಲವೆನಿಸಿ, ತಂದೆಮಗಳ ಜೊತೆಯಲ್ಲಿ ಸರ್ಕಾರಿ ಅಭಿಯೋಜಕರನ್ನು, ಎಂದರೆ ನಮ್ಮ ರೂಢಿಯ ಮಾತಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರನ್ನು, ಕಾಣಲು ಹೋದೆ. ಆಮೇಲಿನ ಕೆಲವು ವಾರ ಬಿಡುವಾದಾಗಲೆಲ್ಲ ಶಾಸನದ ಪುಸ್ತಕಗಳನ್ನೂ ತೀರ್ಪುಗಳನ್ನೂ ಓದಿದೆ. ಅದರ ಫಲವೇ ಈ ಲೇಖನ.

ಮಹದೇವಪುರವನ್ನು ಇಂದು ಮೇಲುಸೇತುವೆಯ ಮೇಲಿನಿಂದ ನೋಡುವವರಿಗೆ ಅದು ಗಾಜಿನ ಗೋಪುರಗಳ ಊರು. 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರುವವರೆಗೆ ಅದಕ್ಕೆ ತನ್ನದೇ ಆದ ನಗರಸಭೆಯಿದ್ದಿತು. ಅದಕ್ಕೂ ಹಿಂದೆ ರಾಗಿಯ ಹೊಲಗಳೂ ಕೆರೆಯ ಏರಿಗಳೂ ಇದ್ದವು. ಅದರ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲಾದುದು ಎಂಬ ಸಂಗತಿ ಅಲ್ಲಿನ ಗೋಪುರಗಳಲ್ಲಿ ಕೆಲಸ ಮಾಡುವ ಅನೇಕರಿಗೆ ತಿಳಿದಿರಲಾರದು. ಗೋಪುರಗಳ ನಡುವೆ ಹಳೆಯ ಊರುಗಳು ಹಾಗೆಯೇ ಉಳಿದಿವೆ. ಊರುಗಳ ಜೊತೆಯಲ್ಲಿ ಊರ ಕೊನೆಯ ಬೀದಿಗಳೂ ಉಳಿದಿವೆ.

ಇಲ್ಲಿಯೇ ಹಾದುಹೋಗುವ ರೈಲಿನ ಹಳಿಗೂ ಒಂದು ನೆನಪಿದೆ. 2012ರ ಜುಲೈ ತಿಂಗಳಿನಲ್ಲಿ ಅಸ್ಸಾಮಿನ ಕೊಕ್ರಝಾರಿನಲ್ಲಿ ಗಲಭೆಯಾಯಿತು. ಆಗಸ್ಟಿನ ನಡುವೆ, ಈಶಾನ್ಯ ರಾಜ್ಯಗಳವರನ್ನು ಬೆಂಗಳೂರಿನಲ್ಲಿ ಹುಡುಕಿ ಹೊಡೆಯುತ್ತಾರಂತೆ ಎಂಬ ವದಂತಿ ಕೈಯಿಂದ ಕೈಗೆ ದೂರವಾಣಿಯ ಸಂದೇಶವಾಗಿ ಹಬ್ಬಿ, ಕೆಲವೇ ದಿನಗಳಲ್ಲಿ ಸಾವಿರಗಟ್ಟಲೆ ಯುವಕಯುವತಿಯರು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು. ಗೌಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಟ್ಟಾಗಿ ಕಳುಹಿಸುವ ಸಂದೇಶಗಳಿಗೆ ಕೇಂದ್ರ ಸರ್ಕಾರ ಮಿತಿ ಹಾಕಬೇಕಾಯಿತು. ಹೊರಟವರಲ್ಲಿ ಬಹುಪಾಲು ಜನರನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಒಬ್ಬನಿಗೆ ಬಿದ್ದ ಪೆಟ್ಟು ಅವನಂತಿರುವ ಎಲ್ಲರ ಮೈಮೇಲೂ ಬೀಳುತ್ತದೆಂಬುದಕ್ಕೆ, ಪೆಟ್ಟೇ ಬೀಳದೆ ಖಾಲಿಯಾದ ಆ ಬಾಡಿಗೆ ಕೋಣೆಗಳಿಗಿಂತ ಬೇರೆ ನಿದರ್ಶನ ಬೇಕೆ?

ನಮ್ಮ ಭಾಷೆಯಲ್ಲಿ ದ್ವೇಷಕ್ಕೆ ಹೆಸರುಗಳ ಬರವೇನೂ ಇಲ್ಲ. ಹಗೆ, ಸೇಡು, ಜಿದ್ದು, ಹೊಟ್ಟೆಕಿಚ್ಚು, ಮತ್ಸರ ಹೀಗೆ ಬೇಕಾದಷ್ಟಿವೆ. ಇವೆಲ್ಲಕ್ಕೂ ಒಂದು ಸಾಮಾನ್ಯ ಲಕ್ಷಣವುಂಟು: ಇಬ್ಬರ ನಡುವೆ ಏನೋ ಒಂದು ಲೆಕ್ಕ ಇರಬೇಕು. ಅವನು ನನ್ನ ಹೊಲದ ಬದುವನ್ನು ಒತ್ತಿದ, ನಾನು ಅವನ ಬಣವೆಗೆ ಬೆಂಕಿಯಿಟ್ಟೆ, ಇದು ಹಗೆ. ಆದರೆ ಇಂದು ನ್ಯಾಯಶಾಸ್ತ್ರಜ್ಞರು ದ್ವೇಷಾಪರಾಧವೆಂದು ಕರೆಯುವುದರಲ್ಲಿ ಲೆಕ್ಕವೇ ಇಲ್ಲ. ಹೊಡೆಸಿಕೊಂಡವನು ಹೊಡೆದವನಿಗೆ ಏನನ್ನೂ ಮಾಡಿರುವುದಿಲ್ಲ. ಅವನು ಹುಟ್ಟಿದ ಕುಲ, ಆಡುವ ಭಾಷೆ, ಅವನ ಮುಖದ ಆಕಾರ, ಅವನು ನಂಬುವ ದೇವರು ಇವೇ ಅವನ ಅಪರಾಧ. ಅಂಥ ‘ಅಪರಾಧ’ವನ್ನು ಅವನು ನಾಳೆ ಬಿಡುತ್ತೇನೆಂದರೂ ಬಿಡಲಾರ. ಬದುವಿನ ಜಗಳಕ್ಕೆ ರಾಜಿಯುಂಟು. ಇದಕ್ಕೆ ಯಾವುದನ್ನು ಹಿಡಿದು ರಾಜಿ ಮಾಡಿಸುವುದು?

ಅಭಿಯೋಜಕರ ಕಷ್ಟ ಮೊದಲಾಗುವುದೂ ಇಲ್ಲಿಯೇ. ಏಟು ಬಿದ್ದುದನ್ನು ವೈದ್ಯರ ಪ್ರಮಾಣಪತ್ರ ಹೇಳುತ್ತದೆ. ಏಟು ಏಕೆ ಬಿತ್ತೆಂಬುದನ್ನು ಯಾವ ಕ್ಷಕಿರಣದ ಚಿತ್ರವೂ ಹೇಳುವುದಿಲ್ಲ. ಹೊಡೆದವನ ಮನಸ್ಸನ್ನು ನ್ಯಾಯಾಲಯದ ಮುಂದೆ ತೆರೆದು ತೋರಿಸಬೇಕು. ತೋರಿಸಲು ಇರುವ ಸಾಧನಗಳೆಂದರೆ ಅವನಾಡಿದ ಮಾತು, ಆಡಿದ ಸ್ಥಳ, ಕೇಳಿಸಿಕೊಂಡ ಕಿವಿಗಳು.

ನಮ್ಮ ದೇಶದಲ್ಲಿ ಈ ಬಗೆಯ ಅಪರಾಧಕ್ಕೆಂದೇ ಮಾಡಿದ ಶಾಸನಗಳಲ್ಲಿ ಅತಿ ಮುಖ್ಯವಾದುದು 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮ. ಅದು ಜಾರಿಗೆ ಬಂದುದು 1990ರ ಜನವರಿ 30ರಂದು. ಕಾಗದದ ಮೇಲೆ ಇದಕ್ಕಿಂತ ಬಲವಾದ ಶಾಸನ ಇನ್ನೊಂದಿರಲಾರದು. ಆರೋಪಿಗೆ ನಿರೀಕ್ಷಣಾ ಜಾಮೀನಿಲ್ಲ. ತನಿಖೆಯನ್ನು ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಅರವತ್ತು ದಿನಗಳಲ್ಲಿ ದೋಷಾರೋಪಣ ಪಟ್ಟಿ ಸಿದ್ಧವಾಗಬೇಕು. ವಿಚಾರಣೆಗೆ ಪ್ರತ್ಯೇಕ ನ್ಯಾಯಾಲಯ, ಪ್ರತ್ಯೇಕ ಅಭಿಯೋಜಕರು. 2015ರ ತಿದ್ದುಪಡಿಯ ಪ್ರಕಾರ ದೋಷಾರೋಪಣ ಪಟ್ಟಿ ಬಂದ ಎರಡು ತಿಂಗಳಲ್ಲಿ ಮೊಕದ್ದಮೆಯನ್ನು ಆದಷ್ಟು ಮಟ್ಟಿಗೆ ಮುಗಿಸಬೇಕು. ನಮ್ಮ ಮೇಸ್ತ್ರಿಗಳ ಮಗಳು ಘಟನೆಯ ಕಾಲದಲ್ಲಿ ಪಿ.ಯು.ಸಿ.ಯಲ್ಲಿದ್ದಳು, ಈಗ ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ‘ಆದಷ್ಟು ಮಟ್ಟಿಗೆ’ ಎಂಬ ಮಾತು ನಮ್ಮ ದೇಶದಲ್ಲಿ ಬಹಳ ಹಿಗ್ಗುತ್ತದೆ.

ಅಭಿಯೋಜಕರ ಕೋಣೆ ಚಿಕ್ಕದು. ಎರಡು ಕಬ್ಬಿಣದ ಬೀರು, ಕೆಂಪು ದಾರ ಬಿಗಿದ ಕಡತಗಳು, ಮೂರು ಕುರ್ಚಿ. ಅವರು ಐವತ್ತರ ಸುಮಾರಿನ ಹೆಂಗಸು. ಮೇಸ್ತ್ರಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಮಗಳಿಗೊಂದು ಕುರ್ಚಿ ಕೊಟ್ಟು, ನನಗೆ ನಿಲ್ಲಲು ಹೇಳಿದರು. ಆ ಕ್ರಮ ನನಗೆ ಹಿಡಿಸಿತು.

“ಮೊದಲು ಒಂದು ಮಾತು ತಿಳಿದುಕೊಳ್ಳಿ ಮೇಸ್ತ್ರಿಗಳೇ. ನಾನು ನಿಮ್ಮ ವಕೀಲಳಲ್ಲ, ಸರ್ಕಾರದ ವಕೀಲಳು. ಆರೋಪಿಗೆ ಅನುಕೂಲವಾದ ಕಾಗದವಿದ್ದರೆ ಅದನ್ನೂ ನಾನು ಕೋರ್ಟಿಗೆ ಕೊಡಬೇಕು. ನಿಮ್ಮದೇ ಒಬ್ಬ ವಕೀಲರು ಬೇಕೆಂದರೆ ಅದಕ್ಕೂ ಕಾನೂನಿನಲ್ಲಿ ಅವಕಾಶವಿದೆ.” ಹೀಗೆ ಹೇಳಿ ಅವರು ಕಡತವನ್ನು ಬಿಚ್ಚಿದರು. ಒಳಗೆ ಮೊದಲಿಗೆ ಇದ್ದುದು ಎರಡು ಜಾತಿ ಪ್ರಮಾಣಪತ್ರಗಳು: ಒಂದು ಮೇಸ್ತ್ರಿಗಳದು, ಇನ್ನೊಂದು ಆರೋಪಿಯದು. ಆರೋಪಿಯದು ಏತಕ್ಕೆಂದು ನಾನು ಕೇಳಿದೆ. ಹೊಡೆದವನು ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದವನೆಂದು ಸಿದ್ಧಪಡಿಸದಿದ್ದರೆ ಈ ಶಾಸನವೇ ಅನ್ವಯಿಸುವುದಿಲ್ಲವಂತೆ. ತಹಶೀಲ್ದಾರರ ಕಚೇರಿಯ ಒಂದು ಹಾಳೆ ಕಡತದಲ್ಲಿ ಇಲ್ಲದೆ ಮುಗ್ಗರಿಸಿದ ಮೊಕದ್ದಮೆಗಳನ್ನು ತಾವು ಬೇಕಾದಷ್ಟು ಕಂಡಿರುವುದಾಗಿ ಹೇಳಿದರು.

ಎರಡನೆಯದು ಸ್ಥಳದ ನಕ್ಷೆ. ಗೇಟು, ಬೀದಿ, ಎದುರಿನ ದಿನಸಿ ಅಂಗಡಿ, ಹುಡುಗಿ ನಿಂತಿದ್ದ ಜಾಗ ಎಲ್ಲವನ್ನೂ ಗುರುತಿಸಿದ್ದರು. ಈ ನಕ್ಷೆಯ ಹಿಂದೆ ಒಂದು ದೊಡ್ಡ ತರ್ಕವಿದೆ. ಜಾತಿಯ ಹೆಸರಿನ ಅವಮಾನ ‘ಸಾರ್ವಜನಿಕರ ಕಣ್ಣಿಗೆ ಬೀಳುವ’ ಸ್ಥಳದಲ್ಲಿ ನಡೆದಿರಬೇಕೆಂದು ಶಾಸನ ಹೇಳುತ್ತದೆ. ಮನೆಯ ಕಾಂಪೌಂಡಿನೊಳಗಿನ ಜಾಗವೇ ಆದರೂ ಬೀದಿಯಲ್ಲಿ ನಿಂತವರಿಗೆ ಕಾಣುವಂತಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿತು. ನಾಲ್ಕು ಗೋಡೆಗಳ ನಡುವೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬಾರದೆಂದು 2020ರ ಇನ್ನೊಂದು ತೀರ್ಪು ಹೇಳಿತು. 2022ರಲ್ಲಿ ನಮ್ಮ ಉಚ್ಚ ನ್ಯಾಯಾಲಯ, ಕಟ್ಟಡವೊಂದರ ತಳಮಹಡಿಯಲ್ಲಿ ಫಿರ್ಯಾದಿಯ ಜೊತೆಗಾರರ ಎದುರಿನಲ್ಲಿ ಮಾತ್ರ ನಡೆದ ಬೈಗಳು ಸಾರ್ವಜನಿಕವಲ್ಲವೆಂದು ಮೊಕದ್ದಮೆಯನ್ನು ರದ್ದುಪಡಿಸಿತು. ಆದುದರಿಂದ ಗೇಟಿನ ಒಳಗೋ ಹೊರಗೋ, ಅಂಗಡಿಯವನಿಗೆ ಕಾಣುತ್ತಿತ್ತೋ ಇಲ್ಲವೋ ಎಂಬ ನಾಲ್ಕು ಅಡಿಗಳ ಲೆಕ್ಕದಲ್ಲಿ ಮೊಕದ್ದಮೆ ಉಳಿಯಬಹುದು, ಬೀಳಬಹುದು. ಅವಮಾನ ಅನುಭವಿಸಿದವನಿಗೆ ತಳಮಹಡಿಯಲ್ಲಿ ಅದು ಕಡಿಮೆ ಸುಡುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕಾನೂನಿಗೂ ಒಂದು ಗಡಿ ಬೇಕಷ್ಟೆ.

ಇದಕ್ಕಿಂತ ಗಹನವಾದ ಪ್ರಶ್ನೆ ‘ಏಕೆ’ ಎಂಬುದು. ಹತ್ತು ವರ್ಷಕ್ಕೆ ಮೇಲ್ಪಟ್ಟು ಶಿಕ್ಷೆಯಾಗಬಲ್ಲ ಘೋರ ಅಪರಾಧಗಳಲ್ಲಿ, ಬಲಿಯಾದವನು ಈ ಜಾತಿಯವನೆಂಬ ಕಾರಣದಿಂದಲೇ ಅಪರಾಧ ನಡೆಯಿತೆಂದು ಹಿಂದೆ ಸಿದ್ಧಪಡಿಸಬೇಕಾಗಿದ್ದಿತು. ಆಸ್ತಿಯ ಜಗಳ, ಹಣದ ಜಗಳ, ಕುಡಿತದ ಜಗಳ ಎಂದು ಪ್ರತಿವಾದಿ ವಕೀಲರು ತೋರಿಸಿದರೆ ಆ ಕಲಮು ಬಿದ್ದುಹೋಗುತ್ತಿತ್ತು. ತಿದ್ದುಪಡಿಯಾದ ಮೇಲೆ, ಬಲಿಯಾದವನ ಜಾತಿ ತಿಳಿದಿದ್ದೂ ಅಪರಾಧ ಮಾಡಿದನೆಂದಾದರೆ ಸಾಕು. ಮುಂಚಿನಿಂದ ಪರಿಚಯವಿದ್ದವನಿಗೆ ಜಾತಿ ತಿಳಿದಿತ್ತೆಂದೇ ನ್ಯಾಯಾಲಯ ಭಾವಿಸಬೇಕು. ಒಂದು ಶಬ್ದದ ಬದಲಾವಣೆಯಿಂದ ಎಷ್ಟು ದೂರ ಸಾಗಬಹುದೆಂಬುದು ಭಾಷೆಯನ್ನು ಓದಿಸುವವನಿಗೆ ಸಂತೋಷದ ವಿಷಯ.

ಆದರೆ ಶಬ್ದ ಎಷ್ಟೇ ಬಲವಾಗಿದ್ದರೂ ಅದನ್ನು ನ್ಯಾಯಾಲಯದಲ್ಲಿ ಹೇಳುವ ಬಾಯಿ ಬೇಕು. ಕೃಷ್ಣರಾಜಪುರದಿಂದ ಹೊಸಕೋಟೆಯನ್ನು ದಾಟಿ ಹೋದರೆ ಚಿಂತಾಮಣಿ ಸಿಗುತ್ತದೆ. ಆ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ಸುಟ್ಟದ್ದು ನಿಜ, ಸತ್ತದ್ದು ನಿಜ. ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ವಿಚಾರಣೆ ಬರುವ ವೇಳೆಗೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲರಾದರು. 2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2014ರಲ್ಲಿ ಉಚ್ಚ ನ್ಯಾಯಾಲಯವೂ ಖುಲಾಸೆಯನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಯಾರೂ ಇರಲಿಲ್ಲ.

ಆ ಸಾಕ್ಷಿಗಳನ್ನು ಹಳಿಯುವುದು ಸುಲಭ. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ, ಅವರದೇ ಹೊಲಗಳಲ್ಲಿ ಕೂಲಿ ಮಾಡಿಕೊಂಡು ಬಾಳಬೇಕಾದವನ ಸ್ಥಾನದಲ್ಲಿ ನಿಂತು ನೋಡಿದರೆ ನಾಲಗೆ ತಡೆಯುತ್ತದೆ. ಪೊಲೀಸರೆದುರು ಕೊಟ್ಟ ಹೇಳಿಕೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಿದ್ದರೆ ಅದಕ್ಕೆ ಸ್ವಲ್ಪ ತೂಕ ಹೆಚ್ಚು. ಆದರೂ ಅದರ ಆಧಾರದ ಮೇಲೆಯೇ ಶಿಕ್ಷೆ ವಿಧಿಸುವಂತಿಲ್ಲ. ಸಾಕ್ಷಿ ತಿರುಗಿಬಿದ್ದನೆಂದರೆ ಅಭಿಯೋಜಕರು ತಮ್ಮದೇ ಸಾಕ್ಷಿಯನ್ನು ತಾವೇ ಪಾಟೀಸವಾಲು ಮಾಡುವ ಪ್ರಸಂಗ ಬರುತ್ತದೆ. “ಹೆಂಡತಿಮಕ್ಕಳಿಗಾಗಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಿರುತ್ತದೆ. ಆದರೂ ‘ನೀನು ಆರೋಪಿಯೊಡನೆ ಶಾಮೀಲಾಗಿದ್ದೀಯೆ’ ಎಂದು ಕೇಳಲೇಬೇಕು. ಈ ಉದ್ಯೋಗದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬೇರೊಂದಿಲ್ಲ” ಎಂದರು ನಮ್ಮ ಅಭಿಯೋಜಕರು.

ಈ ಅನುಭವಗಳೆಲ್ಲ ಸೇರಿ 2015ರ ತಿದ್ದುಪಡಿಯಲ್ಲಿ ಒಂದು ಹೊಸ ಅಧ್ಯಾಯವಾಯಿತು. ಅದುವರೆಗೆ ನೊಂದವನು ಮೊಕದ್ದಮೆಯಲ್ಲಿ ಒಬ್ಬ ಸಾಕ್ಷಿ ಮಾತ್ರ. ಕರೆದಾಗ ಬರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಹೋಗೆಂದಾಗ ಹೋಗಬೇಕು. ಆರೋಪಿಗೆ ಜಾಮೀನು ಸಿಕ್ಕಿತೆಂಬುದು ಅವನಿಗೆ ತಿಳಿಯುತ್ತಿದ್ದುದು ಆರೋಪಿ ಮನೆಯ ಮುಂದೆ ಓಡಾಡತೊಡಗಿದಾಗ. ಈಗ ಹಾಗಿಲ್ಲ. ಜಾಮೀನಿನ ಅರ್ಜಿಯೂ ಸೇರಿದಂತೆ ಪ್ರತಿಯೊಂದು ನಡವಳಿಯ ತಿಳಿವಳಿಕೆಯೂ ನೊಂದವರಿಗೆ ಮುಂಚಿತವಾಗಿ ದೊರೆಯಬೇಕು. ಅಲ್ಲಿ ಮಾತನಾಡುವ ಹಕ್ಕು ಅವರಿಗುಂಟು. ಇದು ಬರಿಯ ಉಪಚಾರವಲ್ಲ, ಕಡ್ಡಾಯ ಎಂದು 2021ರ ಅಕ್ಟೋಬರಿನಲ್ಲಿ ರಾಜಸ್ಥಾನದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಸಾಕ್ಷಿಗೆ ಅಪಾಯವಿದ್ದರೆ ರಕ್ಷಣೆ ಕೊಡಬೇಕು; ಅಗತ್ಯಬಿದ್ದರೆ ವಾಸವನ್ನೇ ಬದಲಿಸಿಕೊಡಬೇಕು; ಪ್ರಯಾಣದ ಖರ್ಚನ್ನೂ ಆ ದಿನದ ಕೂಲಿಯನ್ನೂ ಕೊಡಬೇಕು; ವಿಚಾರಣೆಯನ್ನು ಚಿತ್ರೀಕರಿಸಬೇಕು. 2018ರ ಡಿಸೆಂಬರಿನಲ್ಲಿ ಎಲ್ಲ ಬಗೆಯ ಮೊಕದ್ದಮೆಗಳಿಗೂ ಅನ್ವಯಿಸುವ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿ, ಅದಕ್ಕೆ ಕಾನೂನಿನ ಬಲ ಕೊಟ್ಟಿತು.

ಇನ್ನು ಪರಿಹಾರದ ಹಣ. 2016ರ ನಿಯಮಗಳು ಅಪರಾಧಕ್ಕೆ ತಕ್ಕಂತೆ 85,000 ರೂಪಾಯಿಗಳಿಂದ 8,25,000 ರೂಪಾಯಿಗಳವರೆಗೆ ದರ ಗೊತ್ತುಮಾಡಿವೆ. ಜಾತಿನಿಂದನೆಗೆ ಒಂದು ಲಕ್ಷ: ದೂರು ದಾಖಲಾದಾಗ ಕಾಲುಭಾಗ, ದೋಷಾರೋಪಣ ಪಟ್ಟಿ ನ್ಯಾಯಾಲಯಕ್ಕೆ ಹೋದಾಗ ಅರ್ಧ, ಶಿಕ್ಷೆಯಾದಾಗ ಉಳಿದ ಕಾಲುಭಾಗ. ‘ಹಣಕ್ಕಾಗಿ ದೂರು ಕೊಟ್ಟಿದ್ದಾರೆ’ ಎಂದು ಪಾಟೀಸವಾಲಿನಲ್ಲಿ ತಪ್ಪದೆ ಕೇಳುವುದು ಇದನ್ನು ಹಿಡಿದೇ. ಸುಳ್ಳು ದೂರುಗಳೇ ಇಲ್ಲವೆಂದು ನಾನು ಹೇಳಲಾರೆ. ಯಾವ ಕಾನೂನಿನ ಕೆಳಗೆ ಸುಳ್ಳು ದೂರುಗಳಿಲ್ಲ? ಅವನ್ನು ಜರಡಿ ಹಿಡಿಯುವುದಕ್ಕೇ ಅಲ್ಲವೇ ಪಾಟೀಸವಾಲಿರುವುದು! ಆದರೆ ಮುರಿದ ಬಲಗೈಯ ಮೇಸ್ತ್ರಿಗೆ ಆರು ತಿಂಗಳು ಕೆಲಸ ಸಿಗಲಿಲ್ಲವೆಂಬ ಲೆಕ್ಕವನ್ನೂ ಆ ಪ್ರಶ್ನೆಯ ಪಕ್ಕದಲ್ಲಿಡಬೇಕು.

ಕಂಬಾಲಪಲ್ಲಿಗೆ ಎದುರಾಗಿ ಇಡಬಹುದಾದ ಹೆಸರು ಮರಕುಂಬಿ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಆ ಊರಿನಲ್ಲಿ ದಲಿತರಿಗೆ ಕ್ಷೌರದಂಗಡಿಗೂ ಹೋಟೆಲಿಗೂ ಪ್ರವೇಶವಿಲ್ಲದ ಕಾರಣ ಮೊದಲೇ ಮನಸ್ತಾಪವಿದ್ದಿತು. 2014ರ ಆಗಸ್ಟ್ ತಿಂಗಳ ಕೊನೆಯಲ್ಲಿ ಗಂಗಾವತಿಯ ಚಿತ್ರಮಂದಿರವೊಂದರಲ್ಲಿ ನಡೆದ ಜಗಳ ಊರಿಗೆ ಮರಳಿ, ಗುಂಪು ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿಯಿಟ್ಟಿತು. ವಿಚಾರಣೆ ಹತ್ತು ವರ್ಷ ಎಳೆಯಿತು. ಅಷ್ಟರಲ್ಲಿ ಆರೋಪಿಗಳಲ್ಲಿ ಕೆಲವರು ತೀರಿಯೂ ಹೋದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಸೆಷನ್ಸ್ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಆ ಮೂವರಿಗೆ ಏಕೆ ಕಡಿಮೆಯೆಂಬುದು ವಾಚಕರಿಗೆ ಈಗ ತಿಳಿಯಬೇಕು: ಅವರು ತಾವೇ ಪರಿಶಿಷ್ಟ ಜಾತಿ ಪಂಗಡಗಳಿಗೆ ಸೇರಿದವರಾದ ಕಾರಣ ವಿಶೇಷ ಶಾಸನ ಅವರಿಗೆ ತಗುಲಲಿಲ್ಲ. ಜಾತಿ ಪ್ರಮಾಣಪತ್ರದ ಆ ಹಾಳೆಯ ಮಹತ್ವ ಅಷ್ಟು. ಮುಂದಿನ ತಿಂಗಳೇ ಧಾರವಾಡದ ಉಚ್ಚ ನ್ಯಾಯಾಲಯ ಪೀಠ ಶಿಕ್ಷಿತರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಜಿಲ್ಲಾ ನ್ಯಾಯಾಲಯದ ತೀರ್ಪು ಕೊನೆಯ ಮಾತಲ್ಲವೆಂಬುದು ನಿಜ. ಆದರೂ ಅಷ್ಟು ವರ್ಷ ಮಾತು ಬದಲಿಸದೆ ನಿಂತ ಸಾಕ್ಷಿಗಳು ಅಲ್ಲಿದ್ದರೆಂಬುದೂ ನಿಜ.

ಜಾತಿಯನ್ನು ಬಿಟ್ಟು ಭಾಷೆ, ಮತ, ಹುಟ್ಟಿದ ಪ್ರಾಂತ ಇವುಗಳ ಕಾರಣದಿಂದ ನಡೆಯುವ ಅಪರಾಧಗಳಲ್ಲಿ ಅಭಿಯೋಜಕರ ಕೈಯಲ್ಲಿರುವ ಆಯುಧ ಇಷ್ಟು ಹರಿತವಲ್ಲ. ಅರುಣಾಚಲದ ನಿಡೋ ತಾನಿಯಾ ಎಂಬ ತರುಣ 2014ರ ಜನವರಿಯಲ್ಲಿ ದಿಲ್ಲಿಯ ಅಂಗಡಿಯೊಂದರ ಬಳಿ ಹೊಡೆತ ತಿಂದು ಸತ್ತ ಮೇಲೆ, ಬೆಜ್‌ಬರುವಾ ಸಮಿತಿ ಜನಾಂಗ ದ್ವೇಷಕ್ಕೆ ಪ್ರತ್ಯೇಕ ಕಲಮು ಬೇಕೆಂದು ಹೇಳಿತು. ಗುಂಪುಗಳ ನಡುವೆ ವೈರ ಬಿತ್ತುವುದನ್ನು ದಂಡಿಸುವ ಹಳೆಯ ಕಲಮೊಂದಿದೆ. ಅದರ ಕೆಳಗೆ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು, ಆ ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂರುವುದೋ ಹೇಳಬಲ್ಲವರಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐವರು ಅಥವಾ ಹೆಚ್ಚು ಮಂದಿ ಸೇರಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆಗಳ ಕಾರಣದಿಂದ ಕೊಲೆ ಮಾಡಿದರೆ ಪ್ರತ್ಯೇಕ ಶಿಕ್ಷೆಯಿದೆ. ಮತ ಎಂಬ ಶಬ್ದ ಆ ಪಟ್ಟಿಯಲ್ಲಿಲ್ಲ; ಸಮುದಾಯ, ನಂಬಿಕೆ ಎಂಬ ಶಬ್ದಗಳಲ್ಲಿ ಅದನ್ನು ಹುಡುಕಿಕೊಳ್ಳಬೇಕು. ಕೊಲ್ಲದೆ ಕೈ ಮುರಿದು ಬಿಟ್ಟ ಒಬ್ಬಂಟಿಗನಿಗೆ ಈ ಕಲಮು ಅನ್ವಯಿಸುವುದಿಲ್ಲ.

ಹೊರದೇಶಗಳಲ್ಲಿ ಹೇಗೆ? ಮಹದೇವಪುರದ ಗೋಪುರಗಳಿಂದ ಅಮೆರಿಕಕ್ಕೆ ಹೋದ ಮಕ್ಕಳ ತಂದೆತಾಯಿಗಳು 2017ರ ಫೆಬ್ರವರಿ 22ನ್ನು ಮರೆತಿರಲಾರರು. ಅಂದು ಕ್ಯಾನ್ಸಾಸ್ ರಾಜ್ಯದ ಒಲೇತ್ ಎಂಬಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ಒಬ್ಬಾತ ಗುಂಡಿಟ್ಟು ಕೊಂದ. ಅವರ ಗೆಳೆಯರೂ, ಕೊಲೆಗಾರನನ್ನು ಹಿಡಿಯಹೋದ ಅಮೆರಿಕದವನೊಬ್ಬನೂ ಗಾಯಗೊಂಡರು. ಕೊಲೆಗೆ ಕ್ಯಾನ್ಸಾಸ್ ರಾಜ್ಯ ಜೀವಾವಧಿ ವಿಧಿಸಿತು. ಅಲ್ಲಿಗೆ ನಿಲ್ಲದೆ ಕೇಂದ್ರ ಸರ್ಕಾರದ ಅಭಿಯೋಜಕರು ದ್ವೇಷಾಪರಾಧವೆಂದು ಬೇರೊಂದು ಮೊಕದ್ದಮೆ ಹೂಡಿ, 2018ರ ಆಗಸ್ಟಿನಲ್ಲಿ ಇನ್ನೊಮ್ಮೆ ಜೀವಾವಧಿ ಕೊಡಿಸಿದರು. ಒಬ್ಬ ಮನುಷ್ಯನಿಗೆ ಇರುವುದು ಒಂದೇ ಜೀವಾವಧಿಯಲ್ಲವೇ ಎಂದು ನಗುವವರಿದ್ದಾರೆ. ಮೊದಲನೆಯದು ಕೊಂದದ್ದಕ್ಕೆ, ಎರಡನೆಯದು ಕೊಂದ ಕಾರಣಕ್ಕೆ. ಇಂಗ್ಲೆಂಡಿನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕರಿಯ ಹುಡುಗನ ಕೊಲೆಯ ತನಿಖೆ ಕೆಟ್ಟುಹೋಗಿ, 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂದ ಮೇಲೆ ಒಂದು ನಿಯಮವಾಯಿತು: ನೊಂದವರಿಗಾಗಲಿ ಬೇರೆ ಯಾರಿಗೇ ಆಗಲಿ ಇದು ಜನಾಂಗ ದ್ವೇಷದಿಂದಾದುದೆಂದು ತೋರಿದರೆ ಪೊಲೀಸರು ಹಾಗೆಂದೇ ದಾಖಲಿಸಿ ತನಿಖೆ ಮಾಡಬೇಕು. ಸಿದ್ಧವಾಗುವುದೋ ಇಲ್ಲವೋ ಆಮೇಲಿನ ಮಾತು, ಮೊದಲು ಕಿವಿಗೊಡಬೇಕು. ಆ ಹುಡುಗನ ಕೊಲೆಗಾರರಲ್ಲಿ ಇಬ್ಬರಿಗೆ ಶಿಕ್ಷೆಯಾದುದು 2012ರಲ್ಲಿ.

ನಮ್ಮ ರಾಜ್ಯದಲ್ಲಿ 1974ರಿಂದ ಇರುವ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯಕ್ಕೆ 2025ರಲ್ಲಿ ತನ್ನದೇ ಪೊಲೀಸ್ ಠಾಣೆಗಳು ದೊರೆತವು. ಮೇಸ್ತ್ರಿಗಳ ದೂರು ಅದಕ್ಕೆ ಮುಂಚಿನದು.

ಗುರುವಾರಕ್ಕೆ ಎರಡು ದಿನ ಮೊದಲು ಅಭಿಯೋಜಕರು ಹುಡುಗಿಯನ್ನು ಖಾಲಿಯಾಗಿದ್ದ ನ್ಯಾಯಾಲಯದ ಸಭಾಂಗಣಕ್ಕೆ ಕರೆದುಕೊಂಡು ಹೋದರು. “ಇದು ನೀನು ನಿಲ್ಲುವ ಜಾಗ. ಅಲ್ಲಿ ನ್ಯಾಯಾಧೀಶರು. ಆರೋಪಿ ಆ ಹಿಂದೆ. ಗುರುತಿಸಲು ಹೇಳಿದಾಗ ಒಮ್ಮೆ ನೋಡಿದರೆ ಸಾಕು. ಉತ್ತರ ಏನೆಂದು ನಾನು ಹೇಳಿಕೊಡುವುದಿಲ್ಲ ಕಣಮ್ಮ, ಹೇಳಿಕೊಡಲೂಬಾರದು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. ಕೇಳಿಸದಿದ್ದರೆ ಇನ್ನೊಮ್ಮೆ ಕೇಳಿ ಎನ್ನು.” ಆಮೇಲೆ ಸ್ವಲ್ಪ ತಡೆದು, “ಒಂದು ಕಷ್ಟದ ಮಾತು ಇದೆ. ‘ಜಾತಿ ಹಿಡಿದು ಬೈದರು’ ಎಂದರೆ ಸಾಲದು. ಅವರು ಆಡಿದ ಶಬ್ದವನ್ನೇ ನೀನು ಹೇಳಬೇಕು” ಎಂದರು.

ಹುಡುಗಿ ತಂದೆಯ ಮುಖ ನೋಡಿದಳು. ಮೇಸ್ತ್ರಿಗಳು ಕಿಟಕಿಯ ಕಡೆ ತಿರುಗಿದರು.

ನಾನು ಹದಿಮೂರು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಹಳೆಯ ಕೃತಿಗಳಲ್ಲಿ ಆ ಶಬ್ದ ಬರುವ ಕಡೆಗಳಲ್ಲಿ ಧ್ವನಿಯನ್ನು ತಗ್ಗಿಸಿ, ಬೇಗ ದಾಟಿಕೊಂಡು ಹೋಗುವುದು ನನಗೆ ಅಭ್ಯಾಸ. ಯಾರ ಮನಸ್ಸೂ ನೋಯಬಾರದೆಂದು ಹಾಗೆ ಮಾಡುತ್ತಿದ್ದೇನೆಂದು ನಂಬಿದ್ದೆ. ತರಗತಿಯಲ್ಲಿ ಯಾವ ಮೂಲೆಯಲ್ಲಿ ಯಾರು ಕುಳಿತಿದ್ದರೆಂಬುದನ್ನು ಎಂದೂ ಯೋಚಿಸಿರಲಿಲ್ಲ.

ಗುರುವಾರ ಕಕ್ಷಿಗಳ ಹೆಸರು ಕೂಗಿದಾಗ ಹನ್ನೆರಡೂಕಾಲು. ಊರ ಹಿರಿಯರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹುಡುಗಿ ಪ್ರಮಾಣ ಮಾಡಿದಳು. ಡಬ್ಬಿಯಲ್ಲಿ ಏನಿತ್ತು, ಎಷ್ಟು ಹೊತ್ತಿಗೆ ಮನೆ ಬಿಟ್ಟಳು, ಗೇಟು ತೆರೆದಿತ್ತೋ ಮುಚ್ಚಿತ್ತೋ ಎಂಬುದೆಲ್ಲ ಆಯಿತು. “ಆಗ ಆರೋಪಿ ಏನೆಂದರು?” ಎಂದು ಅಭಿಯೋಜಕರು ಕೇಳಿದರು.

ಆಕೆ ಹೇಳಿದಳು. ಬೆರಳಚ್ಚು ಮಾಡುತ್ತಿದ್ದಾತ ತಲೆಯೆತ್ತಿ, “ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ” ಎಂದ. ಆಕೆ ಇನ್ನೊಮ್ಮೆ, ಈ ಸಲ ಸ್ವಲ್ಪ ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳಿದಳು. ನ್ಯಾಯಾಧೀಶರು ತಲೆಯಾಡಿಸಿದರು. ಯಂತ್ರದ ಮೇಲೆ ಅಕ್ಷರಗಳು ಬೀಳುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಪಾಟೀಸವಾಲು ಅರ್ಧಕ್ಕೆ ನಿಂತಿತು. ಪ್ರತಿವಾದಿ ವಕೀಲರು ಕಾಲಾವಕಾಶ ಕೇಳಿದರು. ಐದು ವಾರಗಳ ಮುಂದಕ್ಕೆ ವಾಯಿದೆ ಬಿತ್ತು. ಹಿರಿಯರು ನಮಗಿಂತ ಮುಂಚೆ ಹೊರಗೆ ಹೋಗಿದ್ದರು. ಸಾಕ್ಷಿಯ ದಿನಭತ್ಯಕ್ಕೆ ಅರ್ಜಿಯನ್ನು ತುಂಬಿಸಿ, ಅಭಿಯೋಜಕರು ಅದಕ್ಕೆ ಸಹಿ ಹಾಕಿಸಿಕೊಟ್ಟರು. ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆವು. ಹಲಸೂರು ದಾಟಿದ ಮೇಲೆ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಹುಡುಗಿ ಕಣ್ಣು ಮುಚ್ಚಿಕೊಂಡು ತಂದೆಯ ಭುಜಕ್ಕೆ ಒರಗಿದ್ದಳು.

ಆ ಹದಿನೆಂಟು ದಿನಗಳ ಕೂಲಿ ಕೊನೆಗೂ ಬಂತೇ ಎಂದು ನಾನು ಮೇಸ್ತ್ರಿಗಳನ್ನು ಕೇಳಿದೆ.

“ಇಲ್ಲ ಸಾರ್,” ಎಂದರು ಅವರು, ಮಗಳು ಎಚ್ಚರವಾಗದಂತೆ ಮೆಲ್ಲಗೆ. “ಅದಕ್ಕೆ ಬೇರೆ ಕೋರ್ಟಂತೆ.”